ಮದ್ರಸಾಗೆ ಕೊಡುವುದಾದರೆ ಝಕಾತಾ, ಸದಕಾನಾ, ವಕ್ಫಾ?

ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ ಊರಿನ ಮದ್ರಸಾಗೆ ಏನಾದರೂ ಕೊಡಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಮೂರು ದಾರಿಗೂ ನಿಯಮ ಬೇರೆ ಬೇರೆ.

ಝಕಾತ್ ಅಂದರೆ ಇಸ್ಲಾಮಿನಲ್ಲಿ ಉಳ್ಳವರು ಕೊಡಲೇಬೇಕಾದ ಕಡ್ಡಾಯ ದಾನ. ಉಳಿತಾಯ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ದಾಟಿ ಒಂದು ವರ್ಷ ಕಳೆದರೆ ನೂರಕ್ಕೆ 2.5. ಅದು ಬಡವರು, ಸಾಲಗಾರರು ಹೀಗೆ ಕುರ್‌ಆನ್ ಹೇಳಿದ 8 ವರ್ಗದವರಿಗೆ ಮಾತ್ರ. ಸಿಮೆಂಟು, ಹೆಂಚಿಗೆ ಅದನ್ನು ಬಳಸುವಂತಿಲ್ಲ ಎನ್ನುತ್ತಾರೆ ಹೆಚ್ಚಿನ ಉಲಮಾಗಳು (ಧರ್ಮ ವಿದ್ವಾಂಸರು). ಅಲ್ಲೇ ಓದುವ ಬಡ ಹುಡುಗನಿಗೆ ಕೊಡಬಹುದು. ಕೊಡಗಿನಲ್ಲಿ ಬೆಳೆಯ ಲೆಕ್ಕವೂ ಬರುತ್ತದೆ. ಶಾಫಿ ಮದ್‌ಹಬ್‌ನಲ್ಲಿ (ಇಸ್ಲಾಮಿ ಕಾನೂನಿನ ಒಂದು ಪಂಥ) ಕಾಫಿ, ಕರಿಮೆಣಸಿಗೆ ಬೆಳೆಯ ಝಕಾತ್ ಇಲ್ಲ, ಮಾರಿದ ಹಣ ವರ್ಷ ಉಳಿದರೆ ಅದಕ್ಕಿದೆ. ಗದ್ದೆಯ ಭತ್ತಕ್ಕೆ ಮಾತ್ರ ಬೆಳೆಯ ಝಕಾತ್ ಇದೆ: ಮಳೆಯಲ್ಲೇ ಬೆಳೆದರೆ ನೂರಕ್ಕೆ 10, ಖರ್ಚು ಮಾಡಿ ನೀರು ಹಾಯಿಸಿದರೆ 5. ಇನ್ನೊಂದು ಪಂಥವಾದ ಹನಫಿಯ ಇಮಾಂ ಅಬೂ ಹನೀಫಾ ಅವರ ಅಭಿಪ್ರಾಯದಲ್ಲಿ ಬೆಳೆಯ ಝಕಾತ್‌ನ ವ್ಯಾಪ್ತಿ ಇನ್ನೂ ದೊಡ್ಡದು. ನಿಮ್ಮ ಉಸ್ತಾದರನ್ನು (ಮದ್ರಸಾದ ಗುರುಗಳನ್ನು) ಕೇಳಿಕೊಳ್ಳಿ.

ಸದಕಾ, ಅಂದರೆ ಇಷ್ಟಪಟ್ಟು ಕೊಡುವ ದಾನ, ಸುಲಭ. ಸೋರುವ ಮಾಡು, ಬೆಂಚು, ಉಸ್ತಾದರ ಸಂಬಳ, ಯಾವುದಕ್ಕೂ ಆಗುತ್ತದೆ.

ವಕ್ಫ್, ಅಂದರೆ ಆಸ್ತಿಯನ್ನೇ ಶಾಶ್ವತವಾಗಿ ಧರ್ಮಕಾರ್ಯಕ್ಕೆ ಬಿಟ್ಟುಕೊಡುವುದು, ನನಗೆ ಹೆಚ್ಚು ಇಷ್ಟ. ಅರೇಬಿಯಾದ ಖೈಬರಿನಲ್ಲಿದ್ದ ತಮ್ಮ ಜಮೀನನ್ನು ಪ್ರವಾದಿಯವರ ಸಂಗಾತಿ ಹಝ್ರತ್ ಉಮರ್ ಹೀಗೇ ಬಿಟ್ಟುಕೊಟ್ಟರು: ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸುದಾರರಿಗೂ ಹೋಗುವಂತಿಲ್ಲ, ಫಲ ಮಾತ್ರ ಹಂಚಬೇಕು. ಅರ್ಧ ಎಕರೆ ತೋಟ ಬಿಟ್ಟುಕೊಟ್ಟರೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೇ ವರ್ಷವರ್ಷ ಮದ್ರಸಾ ಸಾಕಲು ನೆರವಾಗುತ್ತದೆ. ಉಯಿಲಿನಲ್ಲಿ ಬರೆಯುವುದಾದರೆ ಆಸ್ತಿಯ ಮೂರರಲ್ಲಿ ಒಂದು ಭಾಗ ಮೀರಬಾರದು, ಮೀರಿದರೆ ವಾರಸುದಾರರು ಒಪ್ಪಬೇಕು. ಮದ್ರಸಾದ ಹಣವನ್ನು ಸುಮ್ನೆ ಬಡ್ಡಿಗೆ ಡೆಪಾಸಿಟ್ ಇಡಬೇಡಿ. ಅಂಗಡಿ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡಿ, ಆ ಆದಾಯ ಹಲಾಲ್.

ಈ ವರ್ಷವೇ ಮಾಡು ರಿಪೇರಿ ಆಗಬೇಕಿದ್ದರೆ ಸದಕಾ ಕೊಡಿ. ತೋಟ ಇದ್ದು, ಮಕ್ಕಳೂ ಒಪ್ಪಿದರೆ ವಕ್ಫ್ ಮಾಡಿ.