ಕಸಿ ಸಪೋಟ ಮತ್ತು ಆಂಥೂರಿಯಂ: ಬಹುಕಾಲ ಬೆಳೆಸಿದ ಮೇಲಿನ ವಿಮರ್ಶೆ

ಮನೆಯ ಹಿಂದೆ ಸ್ವಲ್ಪ ಜಾಗವಿದೆ, ಹಣ್ಣಿನ ಮರ ಹಾಕಬೇಕೋ, ವರ್ಷವಿಡೀ ಹೂ ಕೊಡುವ ನೆರಳಿನ ಗಿಡ ಹಾಕಬೇಕೋ ಎಂದು ಯೋಚಿಸುತ್ತಿರುವವರು ಮೊದಲು ಬಿಸಿಲನ್ನು ಲೆಕ್ಕ ಹಾಕಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಸಪೋಟ (ಚಿಕ್ಕು) ಬದುಕುತ್ತದೆ, ಆದರೆ ಬರೀ ಎಲೆ. ಅದೇ ಆರು ಗಂಟೆ ಬಿಸಿಲಿಗೆ ಆಂಥೂರಿಯಂ ಇಟ್ಟರೆ ಎಲೆ ಬಿಳಿಚಿಕೊಂಡು ಸುಡುತ್ತದೆ. ಬೆಲೆ, ಹೂವಿನ ಬಣ್ಣ, ಹಣ್ಣಿನ ಗಾತ್ರ ಎಲ್ಲ ಆಮೇಲಿನ ಮಾತು. ಇಲ್ಲಿ ಬರೆದದ್ದು ಬೆಂಗಳೂರು, ಮೈಸೂರು, ಧಾರವಾಡದಂಥ ಬಯಲು ಸೀಮೆಯ ಹವೆಗೆ ಅನ್ವಯ. ಮಲೆನಾಡಿನವರಿಗೆ ಆಂಥೂರಿಯಂ ಇನ್ನೂ ಸುಲಭ.

ಸಪೋಟದಿಂದ ಶುರು ಮಾಡೋಣ, ಏಕೆಂದರೆ ಕೊಳ್ಳುವಾಗಿನ ತಪ್ಪು ಇದರಲ್ಲೇ ದುಬಾರಿ. ಬೀಜದ ಸಸಿ ಬೇಡವೇ ಬೇಡ; ಕಾಯಿಗೆ ಬಹಳ ವರ್ಷ ಕಾಯಬೇಕು, ಹಣ್ಣು ಹೇಗಿರುತ್ತದೋ ಗೊತ್ತಿರುವುದಿಲ್ಲ. ಖಿರ್ನಿ (ಸಪೋಟದ ಬಳಗದ್ದೇ ಮರ) ಬೇರುಸಸಿಯ, ಅಂದರೆ ಬೇರು ಕೊಡುವ ಕೆಳಗಿನ ಗಿಡದ, ಮೇಲೆ ಕಟ್ಟಿದ ಕಸಿ ಗಿಡವನ್ನೇ ತನ್ನಿ. ತಳಿಯಲ್ಲಿ ‘ಕ್ರಿಕೆಟ್ ಬಾಲ್’ ದೊಡ್ಡ ಗುಂಡು ಹಣ್ಣು, ನೋಡಲು ಚೆಂದ, ತಿರುಳು ಸ್ವಲ್ಪ ಮರಳು ಮರಳು, ಸಿಹಿ ಕಡಿಮೆ. ‘ಕಾಳಿಪತ್ತಿ’ ಮೊಟ್ಟೆಯಾಕಾರ, ಮಧ್ಯಮ ಗಾತ್ರ, ರುಚಿಯಲ್ಲಿ ಮುಂದು. ಇವೆರಡನ್ನೂ ಕೂಡಿಸಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಡಿಎಚ್‌ಎಸ್-1, ಡಿಎಚ್‌ಎಸ್-2 ಕೂಡ ಸಿಗುತ್ತವೆ. ಒಂದೇ ಮರಕ್ಕೆ ಜಾಗವಿದ್ದರೆ ನನ್ನ ಮತ ಕಾಳಿಪತ್ತಿಗೆ.

ನರ್ಸರಿಯಲ್ಲಿ ಕಸಿಯ ಗಂಟು ನೋಡಿ: ಬಿರುಕಿಲ್ಲದೆ ಕೂಡಿರಬೇಕು, ಪ್ಲಾಸ್ಟಿಕ್ ಪಟ್ಟಿ ಕಾಂಡಕ್ಕೆ ಕಚ್ಚಿಕೊಂಡಿರಬಾರದು. ಗಂಟಿನ ಕೆಳಗಿಂದ ಚಿಗುರು ಬಂದಿದ್ದರೆ ಅದು ಖಿರ್ನಿಯದು. ಎಲೆಯ ತುದಿಯಲ್ಲೇ ಗುರುತು ಸಿಗುತ್ತದೆ. ಸಪೋಟದ ಎಲೆ ತುದಿ ಚೂಪು, ಖಿರ್ನಿಯದು ಮೊಂಡಾಗಿ ನಡುವೆ ಸಣ್ಣ ಕಚ್ಚು. ನೆಟ್ಟ ಮೇಲೂ ಮೊದಲ ಮೂರು ನಾಲ್ಕು ವರ್ಷ ಇದನ್ನು ಗಮನಿಸಿ ಬುಡಕ್ಕೇ ಚಿವುಟುತ್ತಿರಬೇಕು. ಬಿಟ್ಟರೆ ಖಿರ್ನಿ ಮೇಲುಗೈ ಸಾಧಿಸಿ, ಕಸಿಯ ಕುಡಿ ಸೊರಗಿ, ಕೊನೆಗೆ ಮರವೆಲ್ಲ ಸಣ್ಣ ಹಳದಿ ಕಾಯಿ ಬಿಡುತ್ತದೆ. ‘ನರ್ಸರಿಯವರು ಮೋಸ ಮಾಡಿದರು’ ಎಂಬ ದೂರುಗಳಲ್ಲಿ ಕೆಲವಾದರೂ ಹೀಗೆ ಹುಟ್ಟಿದವೇ.

ಗುಂಡಿ ಮೂರೂ ಕಡೆ 60 ಸೆಂ.ಮೀ. ಸಾಕು, ಗಟ್ಟಿ ನೆಲವಾದರೆ 90. ಮೇಲ್ಮಣ್ಣಿಗೆ 20 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ. ಮುಂಗಾರು ಹಿಡಿದ ಮೇಲೆ ನೆಡಿ, ಕಸಿಯ ಗಂಟು ನೆಲದಿಂದ ಒಂದು ಗೇಣು ಮೇಲಿರಲಿ. ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಮೊದಲ ಬೇಸಿಗೆಯಲ್ಲಿ ಮೂರ್ನಾಲ್ಕು ದಿನಕ್ಕೊಮ್ಮೆ ಒಂದೂವರೆ ಕೊಡ ನೀರು, ಪಾತಿಗೆ ಒಣಗಿದ ಎಲೆಯ ಮುಚ್ಚಿಗೆ. ಮೊದಲೆರಡು ವರ್ಷ ಬಂದ ಹೂವನ್ನು ಕಿತ್ತುಹಾಕಿ. ಮನಸ್ಸು ಒಪ್ಪದಿದ್ದರೂ ಕೀಳಲೇಬೇಕು. ಮನೆಗೆ ಸಾಲುವಷ್ಟು ಕಾಯಿ ಬರುವುದು ಐದನೇ ವರ್ಷದ ಆಸುಪಾಸಿನಲ್ಲಿ.

ತೋಟಗಳಲ್ಲಿ ಸಾಲಿನ ಅಂತರ 10 ಮೀಟರ್ ಇಡುತ್ತಾರೆ ಎಂದರೆ ಮರ ಎಷ್ಟು ಹರಡೀತು ಎಂದು ಊಹಿಸಿ. ಕಾಂಪೌಂಡ್ ಗೋಡೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ. ಸವರಿ ಚಿಕ್ಕದು ಮಾಡುತ್ತೇನೆ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಸಪೋಟ ಹೂ ಬಿಡುವುದು ರೆಂಬೆಯ ತುದಿಯ ಎಲೆಗೊಂಚಲಿನಲ್ಲಿ. ಬೇಲಿ ಗಿಡದಂತೆ ಗುಂಡಗೆ ಕತ್ತರಿಸಿದರೆ ಫಸಲನ್ನೇ ಕತ್ತರಿಸಿದಂತೆ. ಒಣಗಿದ್ದು, ಒಂದರ ಮೇಲೊಂದು ಉಜ್ಜುವುದು, ನೆಲ ಗುಡಿಸುವ ಕೆಳಗಿನ ರೆಂಬೆ ಇಷ್ಟನ್ನೇ ತೆಗೆಯಿರಿ.

ಕೀಟಗಳಲ್ಲಿ ಎಲೆ ಹೆಣೆಯುವ ಹುಳು, ಮೊಗ್ಗು ಕೊರೆಯುವ ಹುಳು ಮಾಮೂಲು. ಹೆಣೆದ ಗೊಂಚಲು ಕಿತ್ತು ಸುಟ್ಟು, ಮೊಗ್ಗಿನ ಹೊತ್ತಿಗೆ ಬೇವಿನೆಣ್ಣೆ (ಲೀಟರಿಗೆ 5 ಮಿ.ಲೀ., ಕರಗಲು ಸ್ವಲ್ಪ ಸೋಪಿನ ದ್ರಾವಣ) ಹೊಡೆದರೆ ಮನೆಯ ಮಟ್ಟಕ್ಕೆ ಸಾಕು. ನಿಜವಾದ ಕಿರಿಕಿರಿ ಬೀಜ ಕೊರೆಯುವ ಹುಳುವಿನದು. ಹೊರಗೆ ಏನೂ ಕಾಣದು, ಬೀಜ ತಿಂದು ಮುಗಿಸಿ ಹೊರಬರುವಾಗಲಷ್ಟೇ ತೂತು. ಉದುರಿದ ಕಾಯಿಯನ್ನು ದಿನವೂ ಆರಿಸಿ ದೂರ ಹೂಳುವುದೇ ಉಪಾಯ.

ಕೊಯ್ಲಿನಲ್ಲಿ ಎಡವುವವರೇ ಹೆಚ್ಚು. ಹಣ್ಣು ಮರದಲ್ಲೇ ಮೆತ್ತಗಾಗಲಿ ಎಂದು ಕಾದರೆ ಬಾವಲಿಯ ಪಾಲು. ಬಲಿತ ಕಾಯಿಯ ಮೇಲಿನ ಕಂದು ಹುಡಿ ಉದುರಿ ಸಿಪ್ಪೆ ನುಣುಪಾಗಿರುತ್ತದೆ. ಉಗುರಿನಿಂದ ಕೆರೆದರೆ ಒಳಗೆ ಹಸಿರಲ್ಲ, ಹಳದಿ ಕಾಣಬೇಕು. ಹಾಲು ಕಡಿಮೆ ಇರಬೇಕು. ಹಸಿರು ಕಂಡ ಕಾಯಿ ಕಿತ್ತರೆ ಎಷ್ಟು ದಿನ ಹುಲ್ಲಿನಲ್ಲಿಟ್ಟರೂ ಒಗರು ಹೋಗದೆ ಸುಕ್ಕಾಗುತ್ತದೆ. ಸರಿಯಾದದ್ದು ಕಿತ್ತು, ಹಾಲು ತೊಳೆದು, ಒರೆಸಿ ಇಟ್ಟರೆ ವಾರದೊಳಗೆ ಹಣ್ಣು.

ಇನ್ನು ಆಂಥೂರಿಯಂ. ಇದು ಕೊಲಂಬಿಯಾ, ಎಕ್ವಡಾರ್ ಕಡೆಯ ಮಳೆಕಾಡಿನ ಗಿಡ. ಬೇರು ಗಾಳಿಯಾಡುವ ಕಡೆ ಬೆಳೆಯುವಂಥದ್ದು. ಕೆಂಪು ಮಣ್ಣು ತುಂಬಿದ ಕುಂಡದಲ್ಲಿ ಇದು ಸಾಯುವುದು ರೋಗದಿಂದಲ್ಲ, ಉಸಿರುಗಟ್ಟಿ. 8 ಇಂಚಿನ ಕುಂಡದ ತಳಕ್ಕೆ ಮೂರನೇ ಒಂದು ಭಾಗ ಇಟ್ಟಿಗೆ ಚೂರು, ಮೇಲೆ ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಇದ್ದಿಲು ಚೂರು ಒಂದು ಪಾಲು. ಸಿಪ್ಪೆಯನ್ನು ಮೂರು ದಿನ ನೀರು ಬದಲಿಸುತ್ತ ನೆನೆಸಿ ಒಗರು, ಉಪ್ಪು ಬಿಡಿಸಿಯೇ ಬಳಸಿ. ಹಾಗೇ ಹಾಕಿದರೆ ಎಲೆಯ ಅಂಚು ಕಂದಾಗುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೂ ಅದೇ ಲಕ್ಷಣ. ತಿಂಗಳಿಗೊಮ್ಮೆ ಮಳೆನೀರನ್ನು ಕುಂಡದಿಂದ ಹರಿದುಹೋಗುವಷ್ಟು ಹೊಯ್ದರೆ ಉಪ್ಪು ಇಳಿಯುತ್ತದೆ.

ಬೆಳಕಿಗೆ ಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿದು ನೋಡಿ. ಕೈಯ ನೆರಳು ಮಸುಕಾಗಿ ಬಿದ್ದರೆ ಸರಿ, ಗಾಢವಾಗಿದ್ದರೆ ಬಿಸಿಲು ಹೆಚ್ಚು, ಬೀಳದೇ ಇದ್ದರೆ ಕತ್ತಲೆ ಹೆಚ್ಚು. ಕತ್ತಲೆಯಲ್ಲಿ ಎಲೆಯ ತೊಟ್ಟು ಉದ್ದವಾಗುತ್ತ ಹೋಗುತ್ತದೆ, ಹೂವಿರುವುದಿಲ್ಲ. ಟೆರೇಸ್ ಆದರೆ 75 ಶೇಕಡಾದ ಶೇಡ್ ನೆಟ್ ಬೇಕು, ಅಂಗಡಿಯವರು ಸುಲಭಕ್ಕೆ ಕೊಡುವ 50 ಸಾಲದು. ಏಪ್ರಿಲ್‌ನ ಒಣ ಗಾಳಿಯಲ್ಲಿ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ, ಎಲೆಗಲ್ಲ.

ಬಲಿತ ಗಿಡದಲ್ಲಿ ಎಲೆಗೊಂದು ಹೂ ಎಂಬುದು ಸರಿಸುಮಾರು ನಿಜ. ಆದ್ದರಿಂದ ಎಲೆ ಎಷ್ಟು ಬಂತು ಎಂಬುದೇ ಹೂವಿನ ಲೆಕ್ಕ, ವರ್ಷಕ್ಕೆ ಐದರಿಂದ ಎಂಟು. ಕುಯ್ದು ಹೂದಾನಿಯಲ್ಲಿಟ್ಟರೆ ಎರಡು ವಾರ ಧಾರಾಳವಾಗಿ ನಿಲ್ಲುತ್ತದೆ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಹೂವಿನ ಅಂಚಿನ ಬಣ್ಣ ಕೆಟ್ಟರೆ ಸುಣ್ಣದಂಶದ ಕೊರತೆ ಇರಬಹುದು. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಒಂದು ಗ್ರಾಂ ಕೊಡಿ, ಆದರೆ 19:19:19 ಜೊತೆ ಬೆರೆಸಬೇಡಿ. ರಂಜಕದೊಡನೆ ಕೂಡಿ ತಳಕ್ಕೆ ಕೂರುತ್ತದೆ, ಎರಡೂ ದಂಡ.

ಗಿಡ ವಯಸ್ಸಾದಂತೆ ಕಾಂಡ ಮೇಲೆದ್ದು ವಾಲುತ್ತದೆ. ಮೂರ್ನಾಲ್ಕು ಗಾಳಿಬೇರು ಸೇರಿಸಿ ತಲೆಭಾಗ ಕತ್ತರಿಸಿ ಹೊಸ ಕುಂಡಕ್ಕೆ ಹಾಕಿ. ಉಳಿದ ಮೋಟಿನಿಂದ ಕಂದುಗಳು ಬರುತ್ತವೆ. ಕತ್ತಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಿಂದ ಒರೆಸುವುದು ಕಡ್ಡಾಯ. ಎಲೆಯಂಚಿನಲ್ಲಿ ನೀರು ಕುಡಿದಂಥ ಕಲೆ, ಆಮೇಲೆ ಹಳದಿ ಸುತ್ತಿನ ಕಂದು ಮಚ್ಚೆ ಕಂಡರೆ ದುಂಡಾಣು ರೋಗ. ಔಷಧಿ ಹುಡುಕದೆ ಕುಂಡ ಸಮೇತ ಹೊರಹಾಕಿ. ಎಲೆ ಜಗಿದರೆ ಬಾಯಿ ಉರಿಯುತ್ತದೆ, ಪುಟ್ಟ ಮಕ್ಕಳು, ನಾಯಿಮರಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ.

ಅಂಕ ಕೊಡುವುದಾದರೆ ಸಪೋಟಕ್ಕೆ ಐದಕ್ಕೆ ನಾಲ್ಕೂವರೆ: ನೆಲೆಯೂರಿದ ಮೇಲೆ ವರ್ಷಕ್ಕೊಮ್ಮೆ 40 ಕೆ.ಜಿ. ಗೊಬ್ಬರ, ಹೂ ಕಾಯಿ ಹೊತ್ತಿಗೆ ನೀರು ಬಿಟ್ಟರೆ ಮತ್ತೇನೂ ಕೇಳದು. ಆಂಥೂರಿಯಂಗೆ ಮೂರೂವರೆ: ಮೊದಲ ವರ್ಷವೇ ಹೂ ಕೊಡುತ್ತದೆ, ಆದರೆ ಬೇಸಿಗೆ ರಜೆಗೆ ಹತ್ತು ದಿನ ಊರಿಗೆ ಹೋಗುವವರಿಗಲ್ಲ.

ಎರಡನ್ನೂ ಕೂಡಿಸಬಹುದು, ಮರ ಹರಡಿದ ಮೇಲೆ. ಸಪೋಟದ ಬೇರು ಹೆಚ್ಚಿನ ಪಾಲು ಮೇಲ್ಪದರದಲ್ಲೇ ಇರುವುದರಿಂದ ಬುಡದಲ್ಲಿ ಅಗೆದು ನೆಡಬೇಡಿ, ಕುಂಡಗಳನ್ನು ಇಟ್ಟಿಗೆಯ ಮೇಲಿಡಿ. ಕಾಂಡಕ್ಕೆ ಹತ್ತಿರ ದಟ್ಟ ಕತ್ತಲೆ, ಕೊಂಬೆಯ ಹರವಿನ ಅಂಚಿಗೆ, ಅದರಲ್ಲೂ ಪೂರ್ವ ಬದಿಗೆ, ಬೆಳಕು ಸರಿಯಿರುತ್ತದೆ. ಮರದಲ್ಲಿ ಹಿಟ್ಟು ತಿಗಣೆ ಇದ್ದರೆ ಅದರ ಅಂಟು ಆಂಥೂರಿಯಂ ಎಲೆಗೆ ಬಿದ್ದು ಕಪ್ಪು ಬೂಷ್ಟು ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮರದ ತಿಗಣೆಗೆ ಬೇವಿನೆಣ್ಣೆ ಹೊಡೆಯಿರಿ. ಉದುರಿದ ಹಣ್ಣು ಕುಂಡದಲ್ಲಿ ಕೊಳೆಯಲು ಬಿಟ್ಟರೆ ಮಳೆಗಾಲದ ಬಸವನಹುಳು ಅಲ್ಲಿಗೇ ಬಂದು, ಮರುದಿನ ಹೊಸ ಚಿಗುರಿಗೆ ಬಾಯಿ ಹಾಕುತ್ತದೆ.