ಹಳೇ ನಾಣ್ಯದ ಹರಾಜು ಅಂತ ನಂಬಿ 43,899 ರೂಪಾಯಿ ಕಳೆದುಕೊಂಡೆ

ನಮ್ಮ ಅತ್ತೆಯವರ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ತೂತಿನ ಕಾಸು, ಒಂದಾಣೆ, ಕಮಲದ ಚಿತ್ರವಿರುವ ಹಳದಿ ಇಪ್ಪತ್ತು ಪೈಸೆ, ಜೊತೆಗೆ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಬಿಲ್ಲೆ. ಒಂದು ರಾತ್ರಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. "ಈ ನಾಣ್ಯ ನಿಮ್ಮಲ್ಲಿದ್ದರೆ ನೀವು ಲಕ್ಷಾಧಿಪತಿ" ಎಂದು ಅದೇ ವೈಷ್ಣೋದೇವಿ ಬಿಲ್ಲೆ ತೋರಿಸಿದರು. ಮಗನ ಹಾಸ್ಟೆಲ್ ಫೀಸಿಗೆ ದುಡ್ಡು ಹೊಂದಿಸುತ್ತಿದ್ದ ದಿನಗಳು. ಕೆಳಗಿದ್ದ ನಂಬರಿಗೆ ಎರಡೂ ಬದಿಯ ಫೋಟೋ ಕಳಿಸಿಬಿಟ್ಟೆ.

ಮರುದಿನ ಬೆಳಗ್ಗೆ ಫೋನ್ ಬಂತು. "ಅಕ್ಕಾ, ನಿಮ್ಮ ನಾಣ್ಯ ಪಾಸಾಗಿದೆ, ಆನ್‌ಲೈನ್ ಹರಾಜಿಗೆ ಹಾಕ್ತೀವಿ. ನೋಂದಣಿಗೆ 999 ಮಾತ್ರ" ಅಂದ. ಅಕ್ಕಾ ಅಂತ ಅಷ್ಟು ಸಲುಗೆಯಿಂದ ಕರೆದದ್ದಕ್ಕೇ ನನಗೆ ಅರ್ಧ ನಂಬಿಕೆ ಬಂದಿತ್ತು. ಕಟ್ಟಿದೆ. ಮಧ್ಯಾಹ್ನ ಒಂದು ಲಿಂಕ್ ಬಂತು. ತೆರೆದರೆ ನನ್ನ ಬಿಲ್ಲೆಯ ಫೋಟೋ, ಪಕ್ಕದಲ್ಲಿ ಓಡುತ್ತಿರುವ ಗಡಿಯಾರ, ಕೆಳಗೆ ಏರುತ್ತಿರುವ ಕೂಗು: ಎಂಟು ಸಾವಿರ, ನಲವತ್ತು ಸಾವಿರ, ಒಂದು ಲಕ್ಷ ಹದಿನೈದು ಸಾವಿರ... ಹೊಲಿಗೆ ಮಷೀನಿನ ಮುಂದೆ ಕೂತವಳು ಸೂಜಿಗೆ ದಾರ ಪೋಣಿಸುವುದನ್ನೂ ಮರೆತು ನೋಡಿದೆ. ಕೊನೆಗೆ 3,70,000ಕ್ಕೆ ನಿಂತಿತು. ಕೊಂಡವರು ದುಬೈನವರಂತೆ.

ಆ ಪರದೆಯ ಹಿಂದೆ ಕೂಗುವವರು ಯಾರೂ ಇರಲಿಲ್ಲ. ಇಷ್ಟು ಎಂದು ಮೊದಲೇ ಬರೆದಿಟ್ಟ ಅಂಕಿಗಳು ಒಂದರ ಹಿಂದೊಂದು ಬರುತ್ತಿದ್ದವು ಅಷ್ಟೇ ಎಂದು ಆಮೇಲೆ ಠಾಣೆಯಲ್ಲಿ ಹೇಳಿದರು. ಆದರೆ ಆ ಹತ್ತು ನಿಮಿಷದಲ್ಲಿ ಮೂರು ಲಕ್ಷದ ಎಪ್ಪತ್ತು ಸಾವಿರ ನನ್ನದೇ ದುಡ್ಡು ಅನ್ನಿಸಿಬಿಟ್ಟಿತ್ತು. ಮುಂದೆ ಕಟ್ಟಿದ್ದೆಲ್ಲ ಆ ದುಡ್ಡು ಕೈತಪ್ಪಬಾರದು ಅಂತ.

ಜಿಎಸ್‌ಟಿ ಅಂತ 5,600. ರಿಸರ್ವ್ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಅಂತ 12,500, ಅದಕ್ಕೆ ಲಾಂಛನ, ಮೊಹರು, ಸಹಿ ಎಲ್ಲ ಇರುವ ಕಾಗದವೂ ಬಂತು. ದುಬೈ ಕಸ್ಟಮ್ಸ್ ಅಂತ 24,800. ಪ್ರತಿ ಸಲವೂ "ಇದು ವಾಪಸ್ ಬರೋ ದುಡ್ಡು ಅಕ್ಕಾ" ಅನ್ನುತ್ತಿದ್ದ. ಮೂರನೆಯದು ಮಗನ ಫೀಸಿಗೆಂದು ಚೀಟಿ ಎತ್ತಿದ ಹಣ. ದುಡ್ಡು ಹೋದದ್ದು ಯಾವ ಕಂಪನಿಯ ಖಾತೆಗೂ ಅಲ್ಲ, ಪ್ರತಿ ಸಲವೂ ಬೇರೆ ಬೇರೆ ವ್ಯಕ್ತಿಯ ಹೆಸರು ಬರುತ್ತಿತ್ತು. ಅದನ್ನು ಕಣ್ಣಾರೆ ಓದಿಯೂ ಪಿನ್ ಒತ್ತಿದ್ದೇನೆ. ದಯವಿಟ್ಟು ಹಣ ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರನ್ನು ನಿಧಾನವಾಗಿ ಓದಿ.

ಮೊದಲ ಫೋನ್ ಬಂದು ನಾಲ್ಕು ದಿನವಾದ ಮೇಲೆ ಇನ್ನೂ 38,000 ಕೇಳಿದ. "ನನಗೆ ಬರೋ ದುಡ್ಡಲ್ಲೇ ಮುರ್ಕೊಳ್ಳಿ, ಉಳಿದದ್ದು ಕೊಡಿ" ಅಂದೆ. ತಕ್ಷಣ ದನಿಯೇ ಬೇರೆಯಾಯಿತು. "ಸರ್ಕಾರಿ ಕಾಗದ ಆಗಿದೆ, ಹಿಂದೆ ಸರಿದ್ರೆ ನಿಮ್ ಮೇಲೇ ಕೇಸ್ ಆಗುತ್ತೆ" ಅಂತ ಗದರಿದ. ಕೈ ನಡುಗಿತು. ಅದುವರೆಗೆ ಮನೆಯವರಿಗೆ ಒಂದು ಮಾತೂ ಹೇಳಿರಲಿಲ್ಲ. ಅವತ್ತು ರಾತ್ರಿ ಅವರು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಅಳುತ್ತಾ ಹೇಳಿದೆ. ಅವರು ಬೈಯಲಿಲ್ಲ. ತಟ್ಟೆ ಸರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದರು.

ಅಲ್ಲಿ ಕೇಳಿದ್ದು ಇಷ್ಟು: ಯಾವ ಬ್ಯಾಂಕು, ಎಷ್ಟು, ಎಷ್ಟು ಹೊತ್ತಿಗೆ, ಯುಟಿಆರ್ ನಂಬರ್, ಅಂದರೆ ಪ್ರತಿ ವಹಿವಾಟಿಗೂ ಬರುವ ಗುರುತಿನ ಸಂಖ್ಯೆ. ಅದನ್ನು ಮೊದಲೇ ಬರೆದಿಟ್ಟುಕೊಂಡು ಫೋನ್ ಮಾಡಿ, ಗಾಬರಿಯಲ್ಲಿ ಹುಡುಕಲು ಆಗುವುದಿಲ್ಲ. 24,800 ಕಳಿಸಿದ್ದು ಅದೇ ಸಂಜೆ. ಅದರಲ್ಲಿ 18,300 ರೂಪಾಯಿ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಆಯಿತು. ಹಿಂದಿನ ದಿನಗಳದ್ದೆಲ್ಲ ಹೋಗಿಯೇ ಬಿಟ್ಟಿತ್ತು. ನಾಚಿಕೆಯಿಂದ ನಾನು ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ದಿನದ ಬೆಲೆ ಅದು. ದೂರಿನ ಸಂಖ್ಯೆ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ಬಂದಿದ್ದೇವೆ. ತಡೆಹಿಡಿದ ಹಣ ವಾಪಸ್ ಬರಲೆಂದು ಕಾಯುತ್ತಿದ್ದೇವೆ.

ಇಷ್ಟಾದ ಮೇಲೆ ನಾಣ್ಯ ಸಂಗ್ರಹಿಸುವ ಹಿರಿಯರೊಬ್ಬರ ಹತ್ತಿರ ಡಬ್ಬಿ ಒಯ್ದೆ. ವೈಷ್ಣೋದೇವಿ ಬಿಲ್ಲೆಯನ್ನು 2012ರಲ್ಲಿ ಚಲಾವಣೆಗೆಂದೇ ಬಿಟ್ಟದ್ದು, ಅಂಗಡಿಗೆ ಕೊಟ್ಟರೆ ಐದು ರೂಪಾಯಿ ಸಾಮಾನು ಬರುತ್ತದೆ ಅಂದರು. ನಿಜವಾದ ಹರಾಜು ಮನೆ ತನ್ನ ಕಮಿಷನ್ನನ್ನು ಮಾರಾಟವಾದ ಮೇಲೆ ಬಂದ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದಂತೆ. ಹಣ ಕೊಡಬೇಕಾದವನು ಕೊಳ್ಳುವವನು, ಮಾರುವವಳಿಂದ ಮುಂಗಡವಾಗಿ ಕಂತು ಕಂತಾಗಿ ವಸೂಲಿ ಮಾಡುವ ಪದ್ಧತಿಯೇ ಅಲ್ಲ. ನೂರು ವರ್ಷ ದಾಟಿದ ನಾಣ್ಯವಾದರೆ 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನಾವು ನೀವು ಅದನ್ನು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಹಾಗಾಗಿ ಅಜ್ಜ ಮುತ್ತಜ್ಜನ ಕಾಲದ ನಾಣ್ಯಕ್ಕೆ ದುಬೈ, ಲಂಡನ್ ಗಿರಾಕಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ರಿಸರ್ವ್ ಬ್ಯಾಂಕ್ ಕೂಡ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತ್ತು: ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕೆ ಶುಲ್ಕ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ಅದು ನನ್ನ ಕಣ್ಣಿಗೆ ಮೊದಲೇ ಬಿದ್ದಿದ್ದರೆ!

ಡಬ್ಬಿಯಲ್ಲಿದ್ದ ತೂತಿನ ಕಾಸನ್ನು ಫೋಟೋ ಚೆನ್ನಾಗಿ ಬರಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಉಜ್ಜಿದರೆ ಸಂಗ್ರಹಕಾರರ ಲೆಕ್ಕದಲ್ಲಿ ಇರುವ ಬೆಲೆಯೂ ಇಳಿಯುತ್ತದಂತೆ. ಅತ್ತೆಯವರು ಎಷ್ಟೋ ವರ್ಷ ಹಾಗೇ ಇಟ್ಟಿದ್ದ ಕಾಸು ಅದು, ಆ ನೋವು ದುಡ್ಡಿನದಕ್ಕಿಂತ ಕಡಿಮೆಯಿಲ್ಲ.

ಇನ್ನೊಂದು ವಿಷಯ. ಒಮ್ಮೆ ಮೋಸ ಹೋದವರ ನಂಬರ್ ಮೋಸಗಾರರಲ್ಲೇ ಕೈಯಿಂದ ಕೈಗೆ ಹೋಗುತ್ತದೆ ಅಂತ ಕಾಣುತ್ತದೆ. ಹೋದ ವಾರ ಹೆಂಗಸೊಬ್ಬಳು ಫೋನ್ ಮಾಡಿ, "ಸೈಬರ್ ವಿಭಾಗದಿಂದ ಮಾತಾಡ್ತಿದೀನಿ, ನಿಮ್ಮ 43,899 ಸಿಕ್ಕಿದೆ, ಬಿಡುಗಡೆಗೆ 2,100 ಕಟ್ಟಿ" ಅಂದಳು. ಮೊತ್ತ ರೂಪಾಯಿಗೆ ರೂಪಾಯಿ ಸರಿಯಾಗಿ ಹೇಳಿದಳು. ಒಂದು ಕ್ಷಣ ನನ್ನ ಮನಸ್ಸು ಮತ್ತೆ ಆ ಕಡೆ ವಾಲಿದ್ದು ನಿಜ. ಫೋನ್ ಇಟ್ಟು, ಮಗನನ್ನು ಕೂರಿಸಿಕೊಂಡು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ, ಮೋಸದ ಕರೆಗಳ ದೂರಿಗೆ ಇರುವ ಚಕ್ಷು ವಿಭಾಗದಲ್ಲಿ ಆ ನಂಬರನ್ನು ದೂರು ಕೊಟ್ಟೆವು. ಸಂಜೆ ಅದೇ ಹೆಂಗಸು ಬೇರೆ ನಂಬರಿನಿಂದ ಮತ್ತೆ ಮಾಡಿದಳು. ಅದನ್ನೂ ಸೇರಿಸಿದೆವು.