ಹೋಂಡಾ ಡಬ್ಲ್ಯೂಬಿ20ಎಕ್ಸ್‌ಟಿ: ಎಂಜಿನ್ ಓಡುತ್ತದೆ, ನೀರು ಮಾತ್ರ ಬರುವುದಿಲ್ಲ ಎಂದಾಗ

ಪೆಟ್ರೋಲ್ ಪಂಪ್‌ಸೆಟ್ಟಿನ ಯೋಗ್ಯತೆ ತಿಳಿಯುವುದು ಅದು ಕೈಕೊಟ್ಟ ದಿನ. ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಹಿಡಿದು ಇದ್ದ ಜಾಗದಲ್ಲೇ ಸರಿಮಾಡಬಹುದೇ ಎಂದು ನೋಡಿದರೆ, ಹೋಂಡಾದ ಈ 2 ಇಂಚಿನ ಪಂಪಿಗೆ ಒಳ್ಳೆಯ ಅಂಕವನ್ನೇ ಕೊಡಬೇಕು. 118 ಸಿಸಿಯ ಜಿಎಕ್ಸ್120 ಎಂಜಿನ್, ನೀರನ್ನು ತಳ್ಳುವ ಚಕ್ರವಾದ ಬೀಡುಕಬ್ಬಿಣದ ಇಂಪೆಲ್ಲರ್, ಒಟ್ಟು ತೂಕ 20 ಕೆಜಿಯ ಆಸುಪಾಸು. ನಿಮಿಷಕ್ಕೆ ಸುಮಾರು 600 ಲೀಟರ್, 32 ಮೀಟರ್ ಎತ್ತರ ಎಂಬ ಎರಡು ಅಂಕಿಗಳು ಮಾತ್ರ ಒಟ್ಟಿಗೆ ಸಿಗುವಂಥವಲ್ಲ. ಎತ್ತರ ಹೆಚ್ಚಿದಂತೆ ನೀರು ಇಳಿಯುತ್ತದೆ, 32 ಮೀಟರಿಗೆ ಹೋದರೆ ಹರಿವೇ ನಿಲ್ಲುತ್ತದೆ.

ನೀರು ಬಾರದಿದ್ದರೆ ಹೆಚ್ಚಿನವರು ಮೊದಲು ಎಂಜಿನ್ ಬಿಚ್ಚುತ್ತಾರೆ. ಬಿಚ್ಚಬೇಡಿ. ತಪ್ಪು ಸಾಮಾನ್ಯವಾಗಿ ಸಕ್ಷನ್ ಕಡೆಯಲ್ಲಿ, ಅಂದರೆ ಪಂಪು ನೀರೆಳೆದುಕೊಳ್ಳುವ ಬದಿಯಲ್ಲಿರುತ್ತದೆ. ಸೆಲ್ಫ್ ಪ್ರೈಮಿಂಗ್ (ಪೈಪಿನ ಗಾಳಿಯನ್ನು ತಾನೇ ಹೊರಹಾಕಿ ನೀರೆಳೆಯುವ ಪಂಪು) ಎಂದ ಮಾತ್ರಕ್ಕೆ ಒಣಗಿದ ಪಂಪು ತಾನೇ ನೀರೆಳೆಯುವುದಿಲ್ಲ. ಮೇಲಿನ ಮುಚ್ಚಳ ತೆಗೆದು ಕೇಸಿಂಗ್ ತುಂಬ ನೀರು ಹಾಕಿಯೇ ಎಂಜಿನ್ ಎಳೆಯಬೇಕು. ಒಣಗಿದಂತೆಯೇ ಓಡಿಸಿದರೆ, ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸುಟ್ಟುಹೋಗುತ್ತದೆ. ಇದರಲ್ಲಿರುವುದು ಗಟ್ಟಿಯಾದ ಸಿಲಿಕಾನ್ ಕಾರ್ಬೈಡ್ ಸೀಲ್ ನಿಜ, ಆದರೆ ಅದನ್ನು ತಣ್ಣಗಿಡುವುದೂ ನೀರೇ.

ನೀರು ತುಂಬಿಸಿದರೂ ಏಳದಿದ್ದರೆ, ಅಥವಾ ಬಿಟ್ಟುಬಿಟ್ಟು ಬಂದರೆ, ಪಂಪು ಎಲ್ಲೋ ಗಾಳಿ ಎಳೆಯುತ್ತಿದೆ. ಕಪ್ಲಿಂಗ್ ಒಳಗಿನ ರಬ್ಬರ್ ವಾಶರ್ ಮೊದಲು ನೋಡಿ: ಮಡಚಿಕೊಂಡಿರುತ್ತದೆ, ಇಲ್ಲವೇ ಯಾವಾಗಲೋ ಬಿದ್ದುಹೋಗಿರುತ್ತದೆ. ಎಂಜಿನ್ ಓಡುತ್ತಿರುವಾಗ ಸಕ್ಷನ್ ಜೋಡಣೆಗಳ ಮೇಲೆ ಸಾಬೂನಿನ ನೊರೆ ಹಚ್ಚಿ. ನೊರೆ ಒಳಗೆ ಸೇದಿಹೋದ ಜಾಗವೇ ತೂತು. ಪೈಪಿನ ಪ್ರತಿ ತುದಿಗೂ ಎರಡು ಕ್ಲಾಂಪ್ ಇರಲಿ. ಒಳಗೆ ಸುರುಳಿ ಬಲವಿಲ್ಲದ ಸಾದಾ ಪೈಪು ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಪೈಪು ನಡುವೆ ಎಲ್ಲೂ ಪಂಪಿಗಿಂತ ಎತ್ತರಕ್ಕೆ ಗೂನುಬೀಳಬಾರದು, ಅಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ತುದಿಯ ಜಾಲರಿ ಕೆಸರಿನಲ್ಲಿ ಹೂಳದಂತೆ, ಸುಳಿ ಏಳದಷ್ಟು ಆಳದಲ್ಲಿರಬೇಕು. ಜಾಲರಿಯನ್ನು ಬಕೆಟ್ಟಿನೊಳಗಿಟ್ಟು ಮುಳುಗಿಸಿದರೆ ಎರಡೂ ಕೆಲಸ ಆಗುತ್ತದೆ.

ಇಷ್ಟಾದರೂ ನೀರಿಲ್ಲವೆಂದರೆ ನೀರಿನ ಮಟ್ಟದಿಂದ ಪಂಪಿನವರೆಗಿನ ಎತ್ತರ ಅಳೆಯಿರಿ. ನೀರನ್ನು ಪಂಪಿನವರೆಗೆ ಮೇಲಕ್ಕೆ ತಳ್ಳುವುದು ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲೂ ಅದರ ಮಿತಿ 10.3 ಮೀಟರ್, ಪಂಪಿನಲ್ಲಿ ಸಿಗುವುದು ಹೆಚ್ಚೆಂದರೆ 7.5. ಪ್ರತಿ 1000 ಮೀಟರ್ ಎತ್ತರದ ನೆಲಕ್ಕೆ ಇದರಲ್ಲಿ ಇನ್ನೂ ಒಂದು ಮೀಟರಿನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಪಂಪನ್ನು ನೀರಿನ ಹತ್ತಿರ ಇಳಿಸಿ, ಡೆಲಿವರಿ ಪೈಪನ್ನು ಉದ್ದ ಮಾಡಿ. ಆದರೆ ಬಾವಿಯೊಳಗೆ, ಮುಚ್ಚಿದ ಗುಂಡಿಯೊಳಗೆ ಮಾತ್ರ ಇಳಿಸಲೇಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ.

ಎಂಜಿನ್ ಮತ್ತು ಪಂಪಿನ ನಡುವೆ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ ಎಂದರ್ಥ. ಸೀಲಿನ ಎರಡೂ ಅರ್ಧಗಳನ್ನು ಒಟ್ಟಿಗೆ ಬದಲಿಸಿ, ಉಜ್ಜುವ ಮುಖಕ್ಕೆ ಬೆರಳು ತಾಗಿಸಬೇಡಿ. ಸೋರಿಕೆಯೇ ಇಲ್ಲ, ಆದರೂ ನೀರಿನ ರಭಸ ತಗ್ಗಿದೆಯೆಂದರೆ ಮರಳು ಇಂಪೆಲ್ಲರನ್ನು ಸವೆಸಿದೆ.

ಎಂಜಿನ್ ಏಳದಿದ್ದರೆ ಪ್ಲಗ್ಗಿಗಿಂತ ಮೊದಲು ಆಯಿಲ್ ನೋಡಿ. ಮಟ್ಟ ಇಳಿದರೆ ಆಯಿಲ್ ಅಲರ್ಟ್ ಎಂಬ ರಕ್ಷಣಾ ವ್ಯವಸ್ಥೆ ಪ್ಲಗ್ಗಿನ ಕಿಡಿಯನ್ನೇ ಕತ್ತರಿಸುತ್ತದೆ. ಇಳಿಜಾರಿನಲ್ಲಿಟ್ಟರೆ ಆಯಿಲ್ ಸಾಕಷ್ಟಿದ್ದೂ ಹೀಗಾಗಬಹುದು. ಸಮತಟ್ಟಾಗಿ ನಿಲ್ಲಿಸಿ, ತುಂಬುವ ಬಾಯಿಯ ಅಂಚಿನವರೆಗೆ 10ಡಬ್ಲ್ಯೂ-30 ದರ್ಜೆಯ ಎಂಜಿನ್ ಆಯಿಲ್ ಹಾಕಿ. ಅರ್ಧ ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟೊಡನೆ ನಿಂತರೆ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಕಟ್ಟಿದೆ. ಹಳೆಯ ಪೆಟ್ರೋಲಿನ ಅಂಟೇ ಕಾರಣ. ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಖಾಲಿ ಮಾಡಿ, ಜೆಟ್ಟಿಗೆ ಗಾಳಿ ಹೊಡೆಯಿರಿ. ತಂತಿ ತೂರಿಸಿದರೆ ರಂಧ್ರ ಹಿಗ್ಗುತ್ತದೆ. ಪ್ಲಗ್ ಬಿಪಿಆರ್6ಇಎಸ್, ಗ್ಯಾಪ್ 0.7ರಿಂದ 0.8 ಮಿಮೀ.

ತಿಳಿನೀರಿಗೆ, ಅಲ್ಪಸ್ವಲ್ಪ ಕಲಕಿದ ನೀರಿಗೆ ಈ ಪಂಪನ್ನು ಧೈರ್ಯವಾಗಿ ಕೊಳ್ಳಬಹುದು. ಜೊತೆಗೇ ನಾಲ್ಕು ವಾಶರ್, ಒಂದು ಜಾಲರಿ, ಒಂದು ಪ್ಲಗ್ ತೆಗೆದಿಡಿ. ಕಲ್ಲು, ಕಸ, ಕೆಸರು ಬೆರೆತ ನೀರಾದರೆ ಅಂಥದಕ್ಕೆಂದೇ ಮಾಡಿದ ಟ್ರ್ಯಾಶ್ ಪಂಪ್ ನೋಡಿ.